ಡನ್‌ವೆರಿ ವಂಶಾವಳಿಯಲ್ಲಿ ನಾನು ಬಿಟ್ಟ ಹೆಸರು

ಅಧ್ಯಕ್ಷರಾದ ಯೂಸ್ಟೇಸ್ ಅವರೇ, ಮುಖ್ಯ ಅತಿಥಿಗಳಾದ ಝಾಹಿದಾ ಮೇಡಂ ಅವರೇ, ಶುಕ್ರವಾರದ ರಜೆಯ ನಿದ್ದೆ ಬಿಟ್ಟು ಬಂದಿರುವ ಸಭಿಕರೇ,

ಊಟ ತಯಾರಾಗಿದೆ ಅಂತ ಗೊತ್ತು. ಬೇಗ ಮುಗಿಸುತ್ತೇನೆ. ಎಲ್ಲ ಭಾಷಣಕಾರರೂ ಹೀಗೇ ಹೇಳುತ್ತಾರೆ, ನಂಬಬೇಡಿ.

ದೋಹಾದಲ್ಲಿ ಕೂತು ಸ್ಕಾಟ್ಲೆಂಡಿನ ಒಂದು ಕೋಟೆಮನೆತನದ ವಂಶಾವಳಿ ಬರೆದ ಬಂಟರವನು ನಾನೊಬ್ಬನೇ ಇರಬೇಕು. ಮುಶೈರಿಬ್‌ನ ನಮ್ಮ ಆಫೀಸಿನಲ್ಲಿ ಮ್ಯಾನೇಜರ್ ಆಗಿದ್ದ ಟಾರ್ವಿ ಸಾಹೇಬರು ಆ ಡನ್‌ವೆರಿ ಮನೆತನದವರು. ರಿಟೈರಾಗಿ ಹೋಗುವಾಗ ಹಳೇ ದಾನಪತ್ರಗಳ ಇಂಗ್ಲಿಷ್ ಅನುವಾದವನ್ನೆಲ್ಲ ನನ್ನ ಕೈಗೆ ಕೊಟ್ಟರು. ಮೂವತ್ತು ವರ್ಷ ಕಂಪನಿಯ ಕಾಗದಪತ್ರ ಜೋಡಿಸಿದವನಿಗೆ ಇದೇನು ಮಹಾ? ಎರಡು ವರ್ಷ ಕೂತು ಮುಗಿಸಿ ಕಳಿಸಿದೆ. ಖಲಾಸ್ ಅಂದುಕೊಂಡೆ.

ವಾರದೊಳಗೆ ಅವರ ಫೋನು. ಬಹಳ ಮೆತ್ತಗೆ ಕೇಳಿದರು: "ರಾಬರ್ಟನ ಅಪ್ಪ ಎಲ್ಲಿ?"

ಈ ರಾಬರ್ಟ್ ಹದಿನಾಲ್ಕನೇ ಶತಮಾನದವನು. ಮಕ್ಕಳಿಲ್ಲದ ಸೋದರಮಾವ ತೀರಿಕೊಂಡಾಗ ಕೋಟೆ, ಜಮೀನು ಎಲ್ಲ ಇವನಿಗೆ ಬಂತು. ನಾವು ಅಳಿಯಸಂತಾನದವರು ನೋಡಿ. ಮಾವನಿಂದ ಅಳಿಯನಿಗೆ ಬಂದರೆ ನಮಗೆ ಲೆಕ್ಕ ಸರಿಹೋಯಿತು. ನಡುವೆ ಅಪ್ಪನಿಗೇನು ಕೆಲಸ? ಮಾವ, ಅವನ ತಂಗಿ, ತಂಗಿಯ ಮಗ, ಇಷ್ಟಕ್ಕೇ ಗೆರೆ ಎಳೆದಿದ್ದೆ. ಅಪ್ಪನ ಹೆಸರು ಪತ್ರದಲ್ಲೇ ಇತ್ತು. ಓದಿದ್ದೆ, ಬೇಡ ಅನ್ನಿಸಿ ಬಿಟ್ಟಿದ್ದೆ. ಆಸ್ತಿಯಿಲ್ಲದ ಒಬ್ಬ ಕುದುರೆ ಸವಾರ, ಜಾನ್ ಟಾರ್ವಿ. ಹೌದು, ಟಾರ್ವಿ. ಸಾಹೇಬರಿಗೆ ಹೆಸರು ಕೊಟ್ಟವನನ್ನೇ ನಾನು ಕಿತ್ತುಹಾಕಿದ್ದೆ.

ತಿದ್ದಿದೆ, ಪುಸ್ತಕವೂ ಬಂತು, ಅದಕ್ಕೇ ಇವತ್ತಿನ ಈ ಸನ್ಮಾನ. ಆದರೆ ಸಾಹೇಬರ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಈಗಷ್ಟೇ ಬೆನಿಟಾ ಅವರು ನನ್ನನ್ನು ಪರಿಚಯಿಸುತ್ತ, ಸೋದರಮಾವನ ಆಶ್ರಯದಲ್ಲಿ ಬೆಳೆದವರು ಎಂದರು. ತಪ್ಪು ಅವರದಲ್ಲ, ಬರೆದುಕೊಟ್ಟವನು ನಾನೇ. ಎಷ್ಟು ವೇದಿಕೆಗಳಲ್ಲಿ ಹೀಗೇ ಹೇಳಿಕೊಂಡಿಲ್ಲ ನಾನು? ಮಾವ ಫೀಸು ಕಟ್ಟಿ ಓದಿಸಿದರು, ನಿಜ. ಆದರೆ ದಿನಾ ಸೈಕಲ್ಲಿನಲ್ಲಿ ಕೂರಿಸಿಕೊಂಡು ಏಳು ಮೈಲಿ ತುಳಿದು ಹೈಸ್ಕೂಲಿಗೆ ಬಿಡುತ್ತಿದ್ದದ್ದು ಯಾರು? ಮಾವನ ಮನೆಯಲ್ಲೇ ಇದ್ದು ಅವರ ಗದ್ದೆಯಲ್ಲಿ ದುಡಿಯುತ್ತಿದ್ದ ನನ್ನ ಅಪ್ಪ. ಒಮ್ಮೆ ಗೆಳೆಯರು ಅದು ಯಾರೋ ಎಂದು ಕೇಳಿದಾಗ, ಮಾವನ ಮನೆಯ ಕೆಲಸದವರು ಅಂದುಬಿಟ್ಟೆ. ಅಪ್ಪ ಸೈಕಲ್ ತಿರುಗಿಸುತ್ತಿದ್ದರು. ಅವರಿಗೆ ಕೇಳಿಸಿತ್ತು. ಸಂಜೆ ಎಂದಿನ ಹಾಗೆ ಕರೆದುಕೊಂಡು ಹೋಗಲು ಬಂದರು. ಆ ವಿಷಯ ಇವತ್ತಿಗೂ ಎತ್ತಿಲ್ಲ. ನನಗೆ ನಾಚಿಕೆಯಾಗುತ್ತದೆ, ಸಭಿಕರೇ.

ಅವರಿಗೀಗ ಎಂಬತ್ತನಾಲ್ಕು. ವಿಸಿಟ್ ವೀಸಾದಲ್ಲಿ ಬಂದು ಐನ್ ಖಾಲಿದ್‌ನ ನಮ್ಮ ಮನೆಯಲ್ಲಿದ್ದಾರೆ. ಕಾರ್ಯಕ್ರಮ ಶುರುವಾಗುವ ಮೊದಲು ಯೂಸ್ಟೇಸ್ ಅವರು ನನ್ನ ಹತ್ತಿರ ಬಂದು, ನಿಮ್ಮ ಕಡೆಯ ಒಬ್ಬ ಹಿರಿಯರು ಮೂರನೇ ಸಾಲಿನಲ್ಲಿದ್ದಾರೆ, ಮುಂದೆ ಕೂರಿಸೋಣ ಎಂದು ಕರೆದರೂ ಬರುತ್ತಿಲ್ಲ ಎಂದರು. ನೀವು ಅವರಿಗೆ ಏನಾಗಬೇಕು ಎಂದು ಕೇಳಿದ್ದಕ್ಕೆ, "ಏನಿಲ್ಲ, ಅವರ ಊರಿನವನು" ಎಂದರಂತೆ.

ಯೂಸ್ಟೇಸ್ ಅವರೇ, ಅವರು ನನ್ನ ಅಪ್ಪ. ಹೆಸರು ದೂಮಣ್ಣ ಶೆಟ್ಟಿ.

ಇಷ್ಟು ಹೊತ್ತು ಕೇಳಿದ ನಿಮಗೆಲ್ಲ ನನ್ನ ಧನ್ಯವಾದ, ನಮಸ್ಕಾರ. ಅಪ್ಪಾ, ನೀವು ಏಳಬೇಡಿ. ನಾನೇ ಅಲ್ಲಿಗೆ ಬರುತ್ತೇನೆ.