ಪ್ಲಸ್ಸಿಗೆ ಮೈನಸ್

ಚಿಕ್ಕೋಡಿ ಬಸ್‌ಸ್ಟ್ಯಾಂಡಿನಲ್ಲಿ ಯಡೂರಿನ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಅಣ್ಣ ತಂಗಿ ಕೂತಿದ್ದರು. ಅವರ ಕಾಲ ಬಳಿ ಗೋಣಿಚೀಲದಲ್ಲಿ ಎರಡು ಬ್ಯಾಟರಿಗಳಿದ್ದವು.

"ಅಣ್ಣಾ, ಅಂಗಡ್ಯಾಂವ ಹೆಂಗ ಜೋಡಸಂದಾ?"

"ಒಂದರ ಪ್ಲಸ್ಸು, ಇನ್ನೊಂದರ ಮೈನಸ್ಸಿಗೆ. ಆಗ ಎರಡೂ ಕೂಡಿ ಇಪ್ಪತ್ನಾಲ್ಕ ವೋಲ್ಟ್ ಆಗತೈತಂತ. ದೋಣಿ ಮೋಟರಿಗೆ ಅಷ್ಟ ಬೇಕಂತ."

"ನೀ ನಿನ್ನೆ ಪ್ಲಸ್ಸಿಗೆ ಪ್ಲಸ್ ಜೋಡಿಸಿದ್ದಿಯಲ್ಲಾ?"

"ಹೂಂ. ಅದಕ್ಕ ಮೋಟರಿಗೆ ಜೋರ ಬರಲಿಲ್ಲ. ಅಪ್ಪನ ದೋಣಿ ಹೊಳಿ ಸೆಳವಿಗೆ ಸಿಕ್ಕು ದೂರ ತೇಲಿ ಹೋತು."

"ಅಪ್ಪಗ ಹೇಳಿದೇನು?"

"ಇಲ್ಲ."

"ಅಯ್ಯ! ಅಂವ ತನ್ನ ಕೈಯಾಗ ಶಕ್ತಿ ಉಳದಿಲ್ಲ, ಅದಕ್ಕ ದೋಣಿ ತಡಿಯಾಕ ಆಗಲಿಲ್ಲ, ಮಾರತೀನಿ ಅನ್ನಾಕತ್ತಾನ."

ಅಣ್ಣ ಬಗ್ಗಿ ಚೀಲದ ಬಾಯಿ ಸರಿಮಾಡಿದ.

"ಚಾರ್ಜಿಗೆ ಹೆಂಗ ಹಚ್ಚೂದು, ನೀಲಮ್? ನಮ್ಮ ಚಾರ್ಜರ್ ಹನ್ನೆರಡ ವೋಲ್ಟಿಂದು. ಜೋಡಿಸಿದ ಮ್ಯಾಲ ಹಚ್ಚಬೇಕೋ, ಬಿಚ್ಚಿ ಹಚ್ಚಬೇಕೋ? ಕೇಳಾಕ ಮರತೆ."

"ಒಂದೊಂದ ಬ್ಯಾಟರಿನೂ ಹನ್ನೆರಡರದ್ದ ಅಲ್ಲೇನು? ಬಿಚ್ಚಿ ಒಂದೊಂದ ಹಚ್ಚು."

"ಹೌದಲಾ... ಖರೇನ?"

"ಅಂಗಡ್ಯಾಂವಗ ಫೋನ್ ಮಾಡಿ ಕೇಳು."

ಬಸ್ಸು ಬಂತು. ಒಬ್ಬೊಬ್ಬರು ಒಂದೊಂದು ಬ್ಯಾಟರಿ ಎತ್ತಿಕೊಂಡರು. ಅಣ್ಣ ಇನ್ನೊಂದು ಕೈಯಲ್ಲಿ ಫೋನ್ ಹಿಡಿದು ನಂಬರ್ ಹುಡುಕತೊಡಗಿದ.

"ಅಂಗಡ್ಯಾಂವ ಇರ್ಲಿ," ಎಂದಳು ತಂಗಿ, ಮೆಟ್ಟಿಲು ಹತ್ತುತ್ತ. "ಮದಲ ಅಪ್ಪಗ ಫೋನ್ ಹಚ್ಚು. ಅಪ್ಪಾ, ನಿನ್ನ ಕೈ ನೆಟ್ಟಗ ಅದಾವು, ತಪ್ಪ ನಂದು ಅಂತ ಹೇಳು."