ಹೊರಗೆ ಬಿಟ್ಟ ಬೂಟು

...ಅಲ್ಲ, ಬೂಟು ಬಾಗಿಲ ಹೊರಗೆ ಬಿಟ್ಟದ್ದು ಸರಿಯೇ, ಬೈಲಿಕ್ಕೆ ಕರೆದದ್ದಲ್ಲ. ನಮ್ಮಲ್ಲಿ ಯಾರಾದ್ರೂ ಬೂಟು ಹಾಕ್ಕೊಂಡು ಒಳಗೆ ಬರ್ತಾರಾ? ಆದ್ರೆ ಹಿಮದ ಗುಡ್ಡದಲ್ಲಿ ಈ ಕ್ರಮ ನಡೆಯುವುದಿಲ್ಲ, ಗೊತ್ತುಂಟಾ. ಅಯಾನ್, ಫೋನ್ ಕೆಳಗಿಡು, ಬನ್ನಿ ಮಕ್ಕಳೇ ಎಲ್ಲರೂ ಈ ಬಾಲ್ಕನಿಗೆ. ವಿನೋದಾ ಸಿಸ್ಟರ್ ಕಥೆ ಹೇಳ್ತೇನೆ.

ನಾನು ಇಲ್ಲೇ ಗಲ್ಫಲ್ಲಿ, ಖಾಲಿದಿಯಾದ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಾಗ ಅವಳು ನಮ್ಮ ವಾರ್ಡಿನ ಇನ್‌ಚಾರ್ಜ್. ರಜೆ ಬೇಕಾದ್ರೆ ಅರ್ಜಿ ಅವಳ ಕೈಗೇ ಕೊಡ್ಬೇಕು, ಅವಳು ಸಹಿ ಹಾಕಿ ಮೇಲೆ ಕಳಿಸ್ಬೇಕು. ಊರಲ್ಲಿ ಅಮ್ಮನಿಗೆ ಕಾಯಿಲೆ ಜೋರಾಯ್ತು ಅಂತ ಫೋನ್ ಬಂತು, ಆವತ್ತೇ ಅರ್ಜಿ ಕೊಟ್ಟೆ. ಒಂದು ದಿನ ಹೋಯ್ತು, ಎರಡು ದಿನ ಹೋಯ್ತು, ಐದನೇ ದಿನ ಕೇಳಿದ್ರೆ ಡ್ರಾವರ್ ಎಳೆದು ನೋಡ್ತಾಳೆ, ಅಲ್ಲೇ ಉಂಟು. "ಅಯ್ಯೋ, ಮರೆತೇ ಹೋಯ್ತು ಮಾರಾಯ್ತಿ." ಇಷ್ಟೇ ಹೇಳಿದ್ದು. ನಾನು ಊರಿಗೆ ಮುಟ್ಟುವಾಗ ಅಮ್ಮನನ್ನು ಸುಟ್ಟು ಎರಡು ದಿನ ಆಗಿತ್ತು. ನಾನು ಜಗಳ ಮಾಡ್ಲಿಲ್ಲ. ಆದ್ರೆ ಬಿಡ್ಲಿಲ್ಲ, ಒಳಗೇ ಇಟ್ಕೊಂಡೆ, ಹತ್ತೊಂಬತ್ತು ವರ್ಷ.

ರಿಟೈರ್ ಆದ ಮೇಲೆ ನಾವು ಹಳೇ ನರ್ಸುಗಳು ಆರು ಜನ ಹಿಮಾಚಲಕ್ಕೆ ನಡೀಲಿಕ್ಕೆ ಹೋದೆವು. ಅವಳೂ ಇದ್ದಳು. ಐದು, ಅಲ್ಲಲ್ಲ, ಆರು ದಿನದ ದಾರಿ, ಕೊನೆಗೆ ಎರಡು ಶಿಖರದ ನಡುವಿನ ಎತ್ತರದ ದಾರಿ ಹತ್ತಿ ಆಚೆ ಬದಿ ನೋಡಿ ಬರುವುದು. ಅದನ್ನು ಹತ್ತಬೇಕು ಅಂತ ವಿನೋದಾ ಒಂದು ವರ್ಷ ಇಲ್ಲಿ ಸಮುದ್ರದ ಬದಿಯ ಕಾರ್ನಿಶ್ ರಸ್ತೆಯಲ್ಲಿ ಬೆಳಿಗ್ಗೆ ಬೆಳಿಗ್ಗೆ ನಡೆದು ತಯಾರಿ ಮಾಡಿದ್ದಳು. ಚೀಟಿ ಎತ್ತಿದಾಗ ನನಗೂ ಅವಳಿಗೂ ಒಂದೇ ಟೆಂಟ್ ಬಂತು. ಚಳಿ ಎಂತ ಚಳಿ ಅಂತೀರಿ, ತೆಂಗಿನೆಣ್ಣೆ ಬಾಟ್ಲಿಯಲ್ಲಿ ಕಲ್ಲಾಗ್ತಿತ್ತು, ಊರಿಂದ ಹೊತ್ತ ಕುಚ್ಚಲಕ್ಕಿ ಎಷ್ಟು ಬೇಯಿಸಿದ್ರೂ ಬೇಯ್ತಿರಲಿಲ್ಲ, ಉಪ್ಪಿನಕಾಯಿ ನೆಕ್ಕಿಕೊಂಡು ರೊಟ್ಟಿ ತಿನ್ನುವುದು. ಸ್ನಾನ ಇಲ್ಲ, ಮುಖಕ್ಕೆ ಒಂದು ಬೋಗುಣಿ ಬಿಸಿನೀರು, ಅದರಲ್ಲೇ ಎರಡು ಜನ. ಅಲ್ಲೂ ಅವಳದ್ದು ಇನ್‌ಚಾರ್ಜೇ, "ಯಲ್ಲಾ ಯಲ್ಲಾ, ಬೇಗ ನಡೀರಿ" ಅಂತ ನಮ್ಮನ್ನು ಓಡಿಸ್ತಿದ್ದಳು.

ಐದನೇ ದಿನ ಸಂಜೆ ಮೇಲಿನ ಕ್ಯಾಂಪಿಗೆ ಮುಟ್ಟಿದೆವು. ಹೊಳೆ ದಾಟಿ ಎಲ್ಲರ ಬೂಟೂ ಒದ್ದೆ. ಅವಳು ತಲೆನೋವು ಅಂತ ಒಳಗೆ ಹೋಗಿ ಮಲಗಿದಳು, ಬೂಟು ಮಾತ್ರ ಟೆಂಟಿನ ಬಾಗಿಲ ಹೊರಗೆ ಒಪ್ಪವಾಗಿ ಜೋಡಿಸಿಟ್ಟು, ನಮ್ಮ ಫ್ಲಾಟಿನ ಬಾಗಿಲಲ್ಲಿ ಇಡ್ತೇವಲ್ಲ ಹಾಗೆ. ಗೈಡ್ ನನ್ನ ಹತ್ರ ಬಂದು ಹಿಂದಿಯಲ್ಲಿ ಹೇಳಿದ, "ದೀದಿ, ಇವತ್ತು ಬೂಟು ಹೊರಗೆ ಬಿಡ್ಬೇಡಿ, ಕಲ್ಲಾಗ್ತದೆ. ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ನಿಮ್ಮ ಮಲಗುವ ಚೀಲದ ಬುಡಕ್ಕೆ ಇಟ್ಕೊಳ್ಳಿ. ಆ ದೀದಿಗೂ ಹೇಳಿಬಿಡಿ." ಆಯ್ತು ಅಂದೆ. ನನ್ನ ಬೂಟು ಒಳಗೆ ತಂದೆ. ಅವಳ ಬೂಟು ನೋಡಿದೆ, ದಾಟಿಕೊಂಡು ಒಳಗೆ ಹೋದೆ.

ಬೆಳಿಗ್ಗೆ ಅವಳ ಬೂಟು ಕೊರಡಿನ ಹಾಗೆ, ಬೆರಳೂ ತೂರುವುದಿಲ್ಲ. ಗೈಡ್ ಹೇಳಿದ, "ಒಂಬತ್ತಕ್ಕೆ ಗಾಳಿ ಏಳ್ತದೆ, ಇದು ಕರಗುವ ತನಕ ಕಾಯ್ಲಿಕ್ಕೆ ಆಗುವುದಿಲ್ಲ, ಇವರು ಇಲ್ಲೇ ಇರ್ಲಿ." ಅವಳು ನನ್ನ ಬೂಟು ನೋಡಿದಳು. "ಅವ ನಿನಗೆ ಹೇಳಿದ್ನಾ?" "ಹೇಳಿದ್ದ." "ಮತ್ತೆ ನನಗೆ?" "ಅಯ್ಯೋ, ಮರೆತೇ ಹೋಯ್ತು ಮಾರಾಯ್ತಿ." ಅದೇ ರಾಗದಲ್ಲಿ ಹೇಳಿದೆ. ಅವಳಿಗೆ ಕೂಡ್ಲೇ ಗೊತ್ತಾಯ್ತು. "ಇಷ್ಟು ವರ್ಷ ಇಟ್ಕೊಂಡಿದ್ಯಾ?" ಅಂದಳು. ನಾನು ಕೋಲು ತಗೊಂಡು ಹೊರಟೆ. ಹಿಂದೆ ಅವಳು ಅಳ್ತಿದ್ದದ್ದು ಕೇಳಿಸ್ತಿತ್ತು. ನನಗೆ ಪಾಪ ಅನ್ನಿಸ್ಲಿಲ್ಲ, ಸುಳ್ಳು ಯಾಕೆ ಹೇಳ್ಲಿ, ಖುಷಿಯೇ ಆಯ್ತು. ಮೇಲೆ ಎಂತ ನೋಡಿದೆ ಅಂತ ಮಾತ್ರ ಕೇಳ್ಬೇಡಿ. ಎಲ್ಲ ಬೆಳ್ಳಗೆ ಇತ್ತು, ನನ್ನ ಕಣ್ಣ ಮುಂದೆ ಅವಳ ಬೂಟೇ ಇತ್ತು.

"ಅಜ್ಜಿ, ದಟ್ಸ್ ಸೋ ಮೀನ್" ಅಂತೀಯಾ? ಅನ್ನು, ಅನ್ನು. ನಾನು ಇವತ್ತಿಗೂ ಸಾರಿ ಹೇಳ್ಲಿಲ್ಲ, ಅವಳೂ ಹೇಳ್ಲಿಲ್ಲ. ನಿಮಗೆ ಹೇಳುವುದು ಇಷ್ಟೇ, ಯಾರಾದ್ರೂ ಇನ್ನೊಬ್ಬರಿಗೆ ತಲುಪಿಸು ಅಂತ ಏನಾದ್ರೂ ಕೊಟ್ರೆ ಅವತ್ತೇ ತಲುಪಿಸ್ಬೇಕು. ಹಾಂ ಅಯಾನ್, ನಿನ್ನ ಅಮ್ಮನಿಗೆ ಅಂತ ಟೀಚರ್ ಕೊಟ್ಟ ಚೀಟಿ ಮೂರು ದಿನದಿಂದ ನಿನ್ನ ಬ್ಯಾಗಲ್ಲೇ ಉಂಟಲ್ಲ? ಏಳು, ಕೊಟ್ಟು ಬಾ.