ಕೆಂಪು, ಹಸಿರು, ದಪ್ಪ

೨೦೦೭ರ ಒಂದು ಬೆಳಿಗ್ಗೆ, ರಾಮನಗರದಿಂದ ಬಿಡದಿಗೆ ಹೊರಟ ಬಸ್ಸು. ನನ್ನ ಮುಂದಿನ ಸೀಟಿನಲ್ಲಿ ಮೊದಲು ಕಾರ್ಖಾನೆಯೊಂದರ ಬಿಡಿಭಾಗಗಳ ಸ್ಟೋರಿನ ಬಾಲರಾಜು ಕುಳಿತರು. ಅನಂತರ ಪಕ್ಕದಲ್ಲಿ, ಅದೇ ಕಾರ್ಖಾನೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಆಫ್ತಾಬ್.

“ಬಾಲಣ್ಣ, ನಿನ್ನೆ ಪಾರ್ಟು ಇಲ್ಲ ಅಂತ ಸ್ಕ್ರೀನ್‌ನಾಗೆ ಕೆಂಪಗೆ ಬಂದಿದ್ರೂ ಐತೆ ಅಂದ್ಬುಟ್ಯಲ್ಲ?”

“ನಂಗೆ ಕೆಂಪು, ಹಸ್ರು ಎಲ್ಡೂ ಒಂದೇ ಕಣ್ಲಾ. ಯಾರ್ಗೂ ಯೋಳ್ಬೇಡ, ಕೆಲ್ಸ ಹೋಯ್ತದೆ.”

“ಮತ್ತೆ ತೋಟದಾಗೆ ಟೊಮ್ಯಾಟೊ ಹಣ್ಣಾಗಿರೋದು ಹೆಂಗೆ ಗೊತ್ತಾಯ್ತದೆ?”

“ಹಿಸುಕಿ ನೋಡ್ತೀನಿ. ಸ್ಕ್ರೀನ್ ಹಿಸುಕಕ್ಕಾಯ್ತದಾ?”

“ಬ್ಯಾಡ. ಇವತ್ತಿಂದ ಹುಡುಕಿದ್ ಪಾರ್ಟು ಇಲ್ಲಾಂದ್ರೆ ದಪ್ಪಕ್ಷರದಾಗೆ ಬತ್ತದೆ, ಇದ್ರೆ ತೆಳ್ಳಗೆ.”

“ಸಾಹೇಬ್ರು ಕೇಳಿದ್ರೆ?”

“ಒಸಿ ಅಂದವಾಗಿರ್ಲಿ ಅಂತ ಮಾಡ್ದೆ ಅಂತೀನಿ.”

ಬಿಡದಿಯಲ್ಲಿ ಇಬ್ಬರೂ ಇಳಿದರು. ಅಕ್ಷರದ ದಪ್ಪ ಬೇರೆಯಾದರೆ, ಬಣ್ಣ ಬೇರೆಯಾಗಿ ಕಾಣದವರ ಕೆಲಸವೂ ಉಳಿಯುತ್ತದೆ.